ಗೇಟಿನ ಮುಂದಿನ ಗುಜರಿ

"ರೀ ಡ್ರೈವರ್! ಈ ಗುಜರಿ ಗಾಡೀನ ಮೊದ್ಲು ಇಲ್ಲಿಂದ ತೆಗೀರಿ!"

ಬ್ಯೂಟಿ ಪಾರ್ಲರಿನಿಂದ ಬಂದ ಇಂದು ತನ್ನ ಹೊಸ ಪುಟ್ಟ ಕೆಂಪು ಕಾರಿನ ಕಿಟಕಿಯಿಂದ ಕೂಗಿದಳು. ಅಲ್ಲಾಳಸಂದ್ರದ ಅವರ ಮನೆ ಗೇಟಿಗೆ ಅಡ್ಡವಾಗಿ ಹಳೆಯ ಬಿಳಿ ಅಂಬಾಸಿಡರ್ ನಿಂತಿತ್ತು. ಬಾನೆಟ್ ಒರೆಸುತ್ತಿದ್ದ ಯುವಕ ತಿರುಗಿ ನೋಡಿದ.

"ನನ್ನ ನೋಡೋಕೆ ಗಂಡಿನ ಕಡೆಯವರು ಬರ್ತಿದ್ದಾರೆ ಕಣ್ರೀ. ಗೇಟಲ್ಲಿ ನನ್ ಕಾರ್ ಕಾಣ್ಬೇಕು. ಇದನ್ನ ನೋಡಿದ್ರೆ ನಮ್ಮನೆ ಮರ್ಯಾದೆ ಏನಾಗ್ಬೇಕು?"

ಅವನು ಏನೋ ಹೇಳಲು ಹೊರಟು ನುಂಗಿಕೊಂಡ.

"ನಂದಲ್ಲ ಮೇಡಂ... ಓನರ್ದು. ತೆಗೀತೀನಿ," ಎಂದು ಕಾರನ್ನು ಕೆರೆಯ ಕಡೆ ಓಡಿಸಿಕೊಂಡು ಹೋದ.

ಅರ್ಧ ಗಂಟೆಯ ನಂತರ ಕಾಫಿ ತಂದ ಇಂದು ಎದುರು ಕೂತವನನ್ನು ಕಂಡು ಬೆವೆತುಹೋದಳು. ಅವನೇ! ಫೋಟೋದಲ್ಲಿದ್ದ ಗಡ್ಡ ಬೋಳಿಸಿಕೊಂಡು ಬಂದಿದ್ದ ಗೋಪಿ! ಆಗ ಹೂವು, ಹಣ್ಣು ತರಲು ಹೋಗಿದ್ದ ಅವನ ತಾಯಿ ಈಗ ಪಕ್ಕದಲ್ಲಿದ್ದರು.

'ಅಯ್ಯೋ ದೇವರೇ... ಭೂಮಿ ಬಾಯಿ ಬಿಡಬಾರದೇ!'

"ಗಾಡಿ ಎಲ್ಲಪ್ಪಾ?" ಎಂದರು ಅವಳ ಅಪ್ಪ ಲಕ್ಕಣ್ಣ.

"ಸ್ವಲ್ಪ ದೂರ ನಿಲ್ಸಿದೀನಿ ಅಂಕಲ್. ಇಲ್ಲಿ ಜಾಗ ಇರ್ಲಿಲ್ಲ."

ಅವಳ ಹೆಸರೆತ್ತಲಿಲ್ಲ. ಎತ್ತಿದ್ದರೂ ಇಷ್ಟು ಚುಚ್ಚುತ್ತಿರಲಿಲ್ಲವೇನೋ.

ಹೊರಡುವಾಗ ಅವನ ತಾಯಿ, "ಮನೇಲಿ ಮಾತಾಡಿ ತಿಳಿಸ್ತೀವಿ," ಎಂದರು. 'ತಿಳಿಸ್ತೀವಿ' ಅಂದರೆ ಏನರ್ಥ ಎಂದು ಹೆಣ್ಣಿನ ಮನೆಯವರಿಗೆ ಬಿಡಿಸಿ ಹೇಳಬೇಕೇ? ನಾಲ್ಕು ದಿನ ಕಳೆದರೂ ಫೋನ್ ಬರಲಿಲ್ಲ. ಲಕ್ಕಣ್ಣ ಜಾತಕ ಒಳಗಿಟ್ಟರು. ಕಾರಣ ಗೊತ್ತಿದ್ದ ಇಂದುವಿಗೆ ಅಪ್ಪನ ಮುಖ ನೋಡಲಾಗಲಿಲ್ಲ.

'ಒಪ್ಪದಿದ್ದರೆ ಬೇಡ... ಕ್ಷಮೆಯನ್ನಾದರೂ ಕೇಳಬೇಕು.'

ಭಾನುವಾರ ಬೆಳಿಗ್ಗೆ ಜಾಲಹಳ್ಳಿಯ ಅವನ ಮನೆಗೆ ಹೋದಳು. ಗೋಪಿ ಮನೆಯ ಮುಂದೆ ಅದೇ ಕಾರು ತೊಳೆಯುತ್ತಿದ್ದ. ಅವಳನ್ನು ಕಂಡು ಪೈಪ್ ಕೈಬಿಟ್ಟ.

"ಸಾರಿ ಕಣ್ರೀ... ತುಂಬಾ ಕೆಟ್ಟದಾಗಿ ಮಾತಾಡ್ಬಿಟ್ಟೆ. ಅಷ್ಟಾದ್ರೂ ನೀವು ನಮ್ಮಪ್ಪನ ಮುಂದೆ ನನ್ನ ಬಿಟ್ಟುಕೊಡ್ಲಿಲ್ಲ. ಅದಕ್ಕೇ..." ಅವಳು ನೀರು ಹರಿಸುತ್ತಿದ್ದ ಪೈಪನ್ನೇ ನೋಡಿದಳು. "ಅದಕ್ಕೇ ನೀವು ಬೇಡ ಅಂದಿದ್ದಕ್ಕೆ ಇಷ್ಟು ನೋವಾಗ್ತಿದೆ."

"ಬೇಡ ಅಂದೋರ್ಯಾರು?"

ಇಂದು ತಲೆಯೆತ್ತಿದಳು. ಅವನು ತಲೆ ತಗ್ಗಿಸಿದ್ದ.

"ನಮ್ಮಪ್ಪ ಇದನ್ನ ಟ್ಯಾಕ್ಸಿ ಓಡ್ಸಿ ನನ್ನ ಓದ್ಸಿದ್ರು. ಅವರು ಹೋದ್ಮೇಲೂ ನಾನು ಮಾರ್ಲಿಲ್ಲ. ಅವತ್ತು ನಿಮ್ಮ ಹೊಸ ಕಾರ್ ನೋಡಿ, ನಿಮ್ಮ ನೋಡಿ... ಇದು ನಂದು ಅನ್ನೋಕೆ ನಾಚಿಕೆ ಆಗ್ಬಿಡ್ತು! ನೀವಂದಿದ್ದು ಗೊತ್ತಿಲ್ದೆ. ನಾನು ಅಪ್ಪನ ಕಾರ್‌ನ ನಂದಲ್ಲ ಅಂದಿದ್ದು ಗೊತ್ತಿದ್ದೇ. ಯಾವ ಮುಖ ಇಟ್ಕೊಂಡು ಫೋನ್ ಮಾಡ್ಲಿ?"

ಇಬ್ಬರ ಕಣ್ಣೂ ತುಂಬಿದ್ದವು. ತಾನೊಬ್ಬಳೇ ತಪ್ಪಿತಸ್ಥೆ ಎಂದುಕೊಂಡಿದ್ದ ಹುಡುಗಿಗೆ ಈಗ ಅವನ ಮೇಲೆ ಎಲ್ಲಿಲ್ಲದ ಮರುಕ ಬಂತು. ಮರುಕ ಎಂದು ಅವಳು ಅಂದುಕೊಂಡಳು, ಅಷ್ಟೇ!

"ಕೀ ಕೊಡಿ," ಎಂದಳು.

ಗೋಪಿ ಆಚೆ ಬಾಗಿಲಿಗೆ ಅಂಟಿಕೊಂಡು ಕೂತ. ಮೊದಲ ತಿರುವಿನಲ್ಲೇ ಅವಳ ತೋಳು ಸೋತಿತು.

"ನನ್ ಕಾರ್ ಒಂದ್ ಬೆರಳಿಗೆ ತಿರುಗತ್ತೆ! ಇದಕ್ಕೆ ಎರಡು ಕೈನೂ ಸಾಲ್ತಿಲ್ಲ. ಏಸಿ ಇಲ್ಲ, ಕ್ಯಾಮೆರಾ ಇಲ್ಲ... ಇದ್ರಲ್ಲಿ ಏನಿದೆ ಹೇಳಿ?"

"ಮುಂದಿನ ಸೀಟು ಉದ್ದಕ್ಕೂ ಒಂದೇ," ಎಂದ ಗೋಪಿ ಮೆಲ್ಲಗೆ. "ಗೇರು ಸ್ಟೀರಿಂಗ್ ಪಕ್ಕದಲ್ಲೇ ಇದೆ, ಮಧ್ಯೆ ಅದೂ ಅಡ್ಡ ಇಲ್ಲ."

ಇಂದು ಕಾರನ್ನು ರಸ್ತೆಯ ಪಕ್ಕಕ್ಕೆ ನಿಲ್ಲಿಸಿದಳು. ಮುಖ ಕೆಂಪೇರಿತ್ತು.

"ಮತ್ತೆ ಅಷ್ಟು ದೂರ ಯಾಕ್ರೀ ಕೂತಿದ್ದೀರಾ?"