ಮೇಜಿನ ಮೇಲಿದ್ದ ಮೂರು ವೆಜ್‌ಗಳು

ಗಾಲ್ಫ್ ಕ್ಲಬ್ಬಿನ ತರಬೇತಿ ಕೋಣೆಯಲ್ಲಿ ಕೋಚ್ ಸತ್ತು ಬಿದ್ದಿದ್ದಾನೆಂದು ಫೋನು ಬಂದಾಗ, ಅವನ ತಮ್ಮ, ಪತ್ತೇದಾರಿಯಾಗಿದ್ದ ಚಿಕ್ಕಮ್ಮನ ಆಫೀಸಿನಲ್ಲಿ ಹಳೆಯ ಕೇಸೊಂದರ ವರದಿ ಟೈಪ್ ಮಾಡುತ್ತಿದ್ದ. ಕೈಯಲ್ಲಿದ್ದ ವಾಕ್ಯ ಮುಗಿಸಿ, ಪೂರ್ಣವಿರಾಮ ಹಾಕಿ, ಆಮೇಲೆ ಎದ್ದ. ಹನ್ನೊಂದು ವರ್ಷದಿಂದ ಚಿಕ್ಕಮ್ಮ ಹೋದಲ್ಲೆಲ್ಲ ಜೊತೆಗೆ ಹೋಗಿದ್ದವನು. ಸತ್ತವರ ಮನೆಯವರು ಮರದ ಬೊಂಬೆಗಳ ಹಾಗೆ ಕೂತಿರುವುದನ್ನು ಎಷ್ಟೋ ಸಲ ಕಂಡಿದ್ದ. ಈಗ ತನ್ನ ಸರದಿ ಎಂದುಕೊಂಡ. ಎದೆಯಲ್ಲಿ ಏನೂ ಅಲುಗಲಿಲ್ಲ.

ಅವನೂ ಚಿಕ್ಕಮ್ಮನೂ ತಲುಪುವಷ್ಟರಲ್ಲಿ ಪೊಲೀಸರು ಹೆಣವನ್ನು ಸಾಗಿಸಿದ್ದರು. ತಲೆಯ ಹಿಂಭಾಗಕ್ಕೆ ಕಬ್ಬಿಣದಂಥದ್ದರಿಂದ ಒಂದೇ ಪೆಟ್ಟು, ಮಧ್ಯಾಹ್ನ ನಾಲ್ಕರಿಂದ ಐದರ ನಡುವೆ. ಮೈದಾನದ ಮೇಸ್ತ್ರಿಯನ್ನು ಠಾಣೆಯಲ್ಲಿ ಕೂರಿಸಿದ್ದರು. ಹೆಣವನ್ನು ಮೊದಲು ಕಂಡವನು ಅವನು. ಬೆಳಿಗ್ಗೆ ಹುಲ್ಲಿಗೆ ನೀರು ಬಿಡುವ ವಿಷಯಕ್ಕೆ ಕೋಚ್ ಜೊತೆ ಜಗಳವಾಡಿದ್ದವನೂ ಅವನೇ.

ಮೇಜಿನ ಮೇಲೆ ಮೂರು ವೆಜ್‌ಗಳಿದ್ದವು. ಕುಳಿಯ ಹತ್ತಿರ ಚೆಂಡನ್ನು ಮೇಲಕ್ಕೆತ್ತಿ ಮೆತ್ತಗೆ ಇಳಿಸುವ, ಓರೆ ಮುಖದ ಕೋಲುಗಳು.

"ಇವನ್ನ ಹೇಗೆ ಆರಿಸ್ತಿದ್ನೋ ನಿಮ್ಮಣ್ಣ?" ಚಿಕ್ಕಮ್ಮ ಕೇಳಿದಳು.

"ಆಟಗಾರನ ಸೆಟ್ಟಲ್ಲೇ ಪಿಚಿಂಗ್ ವೆಜ್ ಅಂತ ಒಂದು ಬಂದಿರತ್ತೆ. ಅದರ ಓರೆ ಎಷ್ಟು ಡಿಗ್ರಿ ಅಂತ ನೋಡ್ಕೊಂಡು, ಅಲ್ಲಿಂದ ನಾಲ್ಕು ನಾಲ್ಕು ಹೆಚ್ಚಿಸ್ತಾ ಮೂರು ಕೊಡ್ತಿದ್ದ. ಯಾವ ದೂರಕ್ಕೂ ಕೋಲಿಲ್ಲ ಅನ್ನೋ ಹಾಗಾಗಬಾರದು ಅಂತ. ಇವು ನಲವತ್ತೆಂಟು, ಐವತ್ತೆರಡು, ಐವತ್ತಾರು."

"ತಳ ಯಾಕೆ ಇಷ್ಟು ಉಬ್ಬಿದೆ?"

"ನೆಲ ಅಗೆಯೋ ಹಾಗೆ ಹೊಡೆಯೋರಿಗೆ ಅದು. ಉಬ್ಬಿದ್ರೆ ಕೋಲು ಮಣ್ಣಲ್ಲಿ ಹೂತ್ಕೊಳ್ಳಲ್ಲ. ಹುಲ್ಲು ಸವರೋ ಕೈಯವರಿಗೆ ಚಪ್ಪಟೆ ತಳ."

ಮೂರರ ತಳಕ್ಕೂ ಮಣ್ಣು ಅಂಟಿತ್ತು. ಪಾಠ ಮುಗಿದ ಕೂಡಲೇ ಕೋಲು ಒರೆಸಿ ಗೂಡಿಗೆ ಸೇರಿಸದಿದ್ದರೆ ಅಣ್ಣನಿಗೆ ಸಮಾಧಾನವಿರುತ್ತಿರಲಿಲ್ಲ. ತಮ್ಮ ಅದನ್ನೂ ಹೇಳಿದ. ಆ ಧ್ವನಿ ಬೇರೆ ಯಾರದೋ ಬಾಯಿಂದ ಬಂದಂತಿತ್ತು.

ಆ ಮಧ್ಯಾಹ್ನ ಕ್ಲಬ್ಬಿನಲ್ಲಿದ್ದ ಆಟಗಾರರು ಇಬ್ಬರೇ. ವಕೀಲರು ಮೂರಕ್ಕೆ ಪಾಠಕ್ಕೆ ಬಂದು ನಾಲ್ಕಕ್ಕೆ ಹೊರಟೆನೆಂದರು. ಹೋದ ತಿಂಗಳು ಕಪ್ ಗೆದ್ದಿದ್ದ ಕ್ಲಬ್ಬಿನ ಕಾರ್ಯದರ್ಶಿ, ಆ ಕೋಣೆಯ ಕಡೆ ತಲೆಯೇ ಹಾಕಲಿಲ್ಲವೆಂದರು. ಚಿಕ್ಕಮ್ಮ ಇಬ್ಬರ ಬ್ಯಾಗನ್ನೂ ತೆರೆಸಿದಳು. ಅಣ್ಣ ಓರೆ ಅಳೆಯುತ್ತಿದ್ದ ಸಾಧನದಲ್ಲೇ ತಮ್ಮ ಅಳೆದು ನೋಡಿದ. ವಕೀಲರದು ಅವರಪ್ಪನ ಕಾಲದ ಸೆಟ್ಟು. ಪಿಚಿಂಗ್ ವೆಜ್ ನಲವತ್ತೆಂಟು ಡಿಗ್ರಿ. ಕಾರ್ಯದರ್ಶಿಯದು ಹೊಚ್ಚ ಹೊಸದು, ನಲವತ್ತನಾಲ್ಕು. ಅದರ ಪಕ್ಕದ ಖಾನೆ ಖಾಲಿಯಿತ್ತು.

ಠಾಣೆಯಲ್ಲಿ ಚಿಕ್ಕಮ್ಮ ಮೇಸ್ತ್ರಿಗೆ ಒಂದೇ ಪ್ರಶ್ನೆ ಹಾಕಿದಳು. "ಆ ಇಬ್ಬರಲ್ಲಿ ನಿಮ್ಮ ಹುಲ್ಲು ಕೆಡಿಸೋರು ಯಾರು?"

"ಕಾರ್ಯದರ್ಶಿಗಳು, ಅಮ್ಮ. ಅವರು ಆಡಿ ಹೋದ ಜಾಗ ಹಂದಿ ಹೊಕ್ಕ ಹಾಗಿರತ್ತೆ. ವಕೀಲರು ಪಾಪ, ಹುಲ್ಲಿಗೆ ತಲೆ ಬಾಚಿದ ಹಾಗೆ ಹೊಡೀತಾರೆ."

ಮರುದಿನ ಬೆಳಿಗ್ಗೆ ಎಲ್ಲರೂ ತರಬೇತಿ ಕೋಣೆಯಲ್ಲಿ ಸೇರಿದರು. ಮೇಸ್ತ್ರಿಯನ್ನೂ ಕರೆತಂದಿದ್ದರು. ಇನ್ಸ್‌ಪೆಕ್ಟರು ಬಾಗಿಲಲ್ಲಿ ನಿಂತರು.

"ಕೋಚ್ ಕೊನೇ ಪಾಠ ಹೇಳಿದ್ದು ಈ ಮೂರು ವೆಜ್ ಹೊಡೆದವರಿಗೆ. ಮಣ್ಣು ಒರೆಸೋಕೂ ಅವನಿಗೆ ಸಮಯ ಸಿಗಲಿಲ್ಲ," ಎಂದಳು ಚಿಕ್ಕಮ್ಮ. "ವಕೀಲರಿಗೆ ಆರಿಸಿದ್ರೆ ಐವತ್ತೆರಡರಿಂದ ಶುರುವಾಗ್ಬೇಕಿತ್ತು, ತಳ ಚಪ್ಪಟೆ ಇರ್ಬೇಕಿತ್ತು. ಮೇಸ್ತ್ರಿ ಆಡೋದೇ ಇಲ್ಲ. ನಲವತ್ತನಾಲ್ಕರ ಮೇಲೆ ನಾಲ್ಕು ಅಂದ್ರೆ ನಲವತ್ತೆಂಟು. ನೆಲ ಅಗೆಯೋ ಕೈಗೆ ಉಬ್ಬು ತಳ. ಇವು ನಿಮಗೆ ಆರಿಸಿದ್ದು, ಕಾರ್ಯದರ್ಶಿಗಳೇ."

"ಸರಿ, ಬಂದಿದ್ದೆ. ಬಂದೋರೆಲ್ಲ ಕೊಲೆಗಾರರಾ?"

ಇನ್ಸ್‌ಪೆಕ್ಟರು ಕೆಸರು ಮೆತ್ತಿದ ಇನ್ನೊಂದು ವೆಜ್ಜನ್ನು ಮೇಜಿನ ಮೇಲಿಟ್ಟರು. ಹಿಡಿಯ ಮೇಲೆ ಕಾರ್ಯದರ್ಶಿಯ ಹೆಸರಿನ ಅಕ್ಷರಗಳಿದ್ದವು.

"ನಿಮ್ಮ ಖಾಲಿ ಖಾನೆಯದ್ದು," ಎಂದಳು ಚಿಕ್ಕಮ್ಮ. "ಕೋಲು ಬಿಸಾಡೋಕೆ ಇಲ್ಲಿರೋದು ಒಂದೇ ಕೊಳ, ಅದಕ್ಕೇ ಅಲ್ಲಿ ಹುಡುಕಿಸಿದೆ. ಇದರ ಮುಖದ ಗೀರುಗಳನ್ನ ಅರ ಹಾಕಿ ಆಳ ಮಾಡಿದೀರಿ. ಚೆಂಡು ಬಿದ್ದಲ್ಲೇ ಗಕ್ಕನೆ ನಿಲ್ಲತ್ತೆ. ಆಟದಲ್ಲಿ ಅದು ಮೋಸ, ಕಪ್ ಗೆದ್ದಿದ್ದೂ ಅದರಿಂದಲೇ. ಹೊಸದು ಹೊಡೆಸಿದ ಮೇಲೆ ಹೋಲಿಸೋಕೆ ಕೋಚ್ ನಿಮ್ಮ ಹಳೇದನ್ನ ಕೇಳಿದ, ನೋಡಿದ ತಕ್ಷಣ ಅವನಿಗೆ ಗೊತ್ತಾಯ್ತು. ಅಲ್ವಾ?"

ಕಾರ್ಯದರ್ಶಿ ಕುರ್ಚಿ ಎಳೆದು ಕೂತರು. "ಕಪ್ ವಾಪಸ್ ಕೊಡ್ತೀನಿ ಅಂದೆ. ಕಮಿಟಿಗೆ ಹೇಳಲೇಬೇಕು ಅಂತ ಅವನು ಆ ಕಡೆ ತಿರುಗಿ ಫೋನ್ ತಗೊಂಡ. ನನ್ನ ಕೈಲಿ ಅದಿತ್ತು."

ಸಿಟ್ಟು ಬರಬಹುದೆಂದು ತಮ್ಮ ಕಾದ. ಬರಲಿಲ್ಲ. ಕಾರ್ಯದರ್ಶಿಯ ಅಂಗಿಯ ಗುಂಡಿ ತಪ್ಪಿದ್ದುದು ಮಾತ್ರ ಕಣ್ಣಿಗೆ ಬಿತ್ತು. ಅವರನ್ನು ಕರೆದೊಯ್ದರು. ಮೇಸ್ತ್ರಿ ಬಂದು ತಮ್ಮನ ಎರಡೂ ಕೈ ಹಿಡಿದು ಏನೋ ಹೇಳಿದ. ಒಂದಕ್ಷರವೂ ಕಿವಿಗೆ ಹೋಗಲಿಲ್ಲ.

ಕಾರಿನಲ್ಲಿ ಚಿಕ್ಕಮ್ಮ ಕೀ ತಿರುಗಿಸದೆ ಕೂತಳು.

"ಅಕ್ಕನಿಗೆ ನಾನೇ ಹೇಳ್ತೀನಿ, ಯಾರು ಅಂತ."

"ಯಾಕೆ ಅಂತ ಅಮ್ಮ ಕೇಳ್ತಾಳೆ, ಚಿಕ್ಕಮ್ಮ."

ಊರವರ ಪ್ರಶ್ನೆಗಳಿಗೆಲ್ಲ ಉತ್ತರ ಹುಡುಕಿ ಕೊಟ್ಟಿದ್ದ ಚಿಕ್ಕಮ್ಮ ಕೀ ತಿರುಗಿಸಿದಳು.

"ಕೇಳದೇ ಇದ್ರೆ ಸಾಕಪ್ಪಾ," ಎಂದಳು.