ರಾವೂರ ಖಣಿಯ ನಾಲ್ಕನೆಯ ಜಾಕೀಟು

ಗೂಟ ನಾಲ್ಕು, ಜಾಕೀಟು ಮೂರು.

ಪಂಚನಾಮೆಯಲ್ಲಿ ಅಷ್ಟು ಬರೆದು ನಾನು ತಲೆ ಎತ್ತಿದೆ. ದೋಣಿಮನೆಯ ಹೊರಗೆ, ಖಣಿಯ ದಂಡೆಯ ಫರಸಿ ಕಲ್ಲಿನ ಮೇಲೆ ಚನ್ನಮಲ್ಲನ ಹೆಣ ಇತ್ತು. ಇಪ್ಪತ್ತೇಳರ ಪ್ರಾಯ. ಸೇಡಂನಲ್ಲಿ ಓವರ್‌ಸಿಯರ್. ಮುಂದಿನ ತಿಂಗಳು ಮದುವೆ. ಆ ಭಾನುವಾರ ಮುಂಜಾನೆ ಸ್ಕೀ ಆಡುತ್ತ ಬಿದ್ದು ಮುಳುಗಿದ್ದ.

ಸ್ಕೀ ಎಂದರೆ ಕಾಲಿಗೆ ಎರಡು ಹಲಗೆ ಕಟ್ಟಿಕೊಂಡು, ಮೋಟಾರು ದೋಣಿಯ ಹಗ್ಗ ಹಿಡಿದು ನೀರಿನ ಮೇಲೆ ಜಾರುವ ಆಟ. ಬಿದ್ದವರು ತೇಲಲೆಂದು ಮೈಗೆ ಜಾಕೀಟು ತೊಡುತ್ತಾರೆ. ರಾವೂರಿನ ಈ ಹಳೆಯ ಕಲ್ಲಿನ ಖಣಿ ಕೆಲಸ ನಿಂತ ಮೇಲೆ ನೀರು ತುಂಬಿ ಉದ್ದನೆಯ ಕೆರೆಯಾಗಿತ್ತು. ಸುತ್ತಲಿನ ದೊಡ್ಡ ಕುಳಗಳು ಸೇರಿ ಒಂದು ಕ್ಲಬ್ಬು ಮಾಡಿ ದೋಣಿ ತರಿಸಿದ್ದರು. ನನಗಂತೂ ನೆಲದ ಮೇಲೆ ನೆಟ್ಟಗೆ ನಡೆದರೆ ಸಾಕಾಗಿದೆ. ನಾನು ರೇವಣಸಿದ್ದಯ್ಯ, ವಾಡಿ ಪೊಲೀಸ್ ಠಾಣೆಯ ರೈಟರ್.

ನಮ್ಮ ಫೌಜದಾರ ದೇವಿಂದ್ರಪ್ಪನವರು ಒಂದು ಕಡೆ ನಿಲ್ಲುವ ಪ್ರಾಣಿಯಲ್ಲ. ದೋಣಿಯಿಂದ ಹೆಣದ ಕಡೆಗೆ, ಹೆಣದಿಂದ ಗೂಟದ ಕಡೆಗೆ ತಿರುಗುತ್ತಲೇ ಇದ್ದರು.

"ಜಾಕೀಟೇ ಕೊಟ್ಟಿಲ್ರಿ ಅಂವ!" ಹಣಮಂತರಾಯರು ಕೂಗಿದರು. ಖಣಿಯ ಮಾಲೀಕರು, ಕ್ಲಬ್ಬಿನ ಕಾರ್ಯದರ್ಶಿ. ಸತ್ತವನಿಗೆ ಸೋದರಮಾವ, ಮದುವೆಯಾಗಬೇಕಿದ್ದುದು ಇವರ ಮಗಳನ್ನೇ.

"ನೀವು ಎಲ್ಲಿದ್ರಿ?"

"ಇಲ್ಲೇ, ದಂಡಿ ಮ್ಯಾಲೆ. ಕಣ್ಣಾರೆ ನೋಡೀನಿ. ಹುಡುಗ ಬಿದ್ದ ಮ್ಯಾಲೆ ಈ ಬಾಬುಮಿಯಾ ದೋಣಿ ತಿರುಗಿಸಿದ. ಹತ್ರ ಬಂದು ಎಂಜಿನ್ ಬಂದ್ ಮಾಡಿ ಕುಂತ! ಮುಳುಗಾಂವನ ಮುಂದ ಯಾರಾದ್ರೂ ಎಂಜಿನ್ ಬಂದ್ ಮಾಡ್ತಾರೇನ್ರಿ?"

ನನಗೆ ಸಿಟ್ಟು ನೆತ್ತಿಗೇರಿತು. ಇನ್ನೇನು ಬೇಕು? ಅಂಗೈ ಹುಣ್ಣಿಗೆ ಕನ್ನಡಿಯೇ?

ದೋಣಿ ನಡೆಸುವ ಬಾಬುಮಿಯಾ ಗೋಡೆಗೆ ಒರಗಿ ಕುಳಿತಿದ್ದ. ಶಹಾಬಾದಿನವನು, ಹನ್ನೆರಡು ವರ್ಷ ಮುಂಬೈ ಬಂದರಿನಲ್ಲಿ ಲಾಂಚು ನಡೆಸಿ ಬಂದವನು. ಮೈಯ ನೀರು ಇನ್ನೂ ಆರಿರಲಿಲ್ಲ. ಹಲ್ಲು ಕಟಕಟ ಎನ್ನುತ್ತಿದ್ದವು.

"ಎಂಜಿನ್ ಬಂದ್ ಮಾಡಿದ್ದು ಖರೆ ಏನು?"

"ಖರೆ ರೀ ಸಾಹೇಬ್ರ. ಹಿಂದ ಪಂಖಾ ತಿರುಗ್ತದ. ನೀರಾಗ ಮನಷ್ಯಾ ಇದ್ದಾಗ ಅದು ತಿರುಗಿದ್ರ ಕಾಲು ಕತ್ತರಿಸಿ ಹಾಕ್ತದ. ಬಿದ್ದಾಂವ ತೇಲ್ತಿರ್ತಾನ. ಹತ್ರ ಬಂದು, ಎಂಜಿನ್ ಬಂದ್ ಮಾಡಿ, ಕೈ ಕೊಟ್ಟು ಎತ್ಕೋಬೇಕು. ಅದೇ ಕಾಯ್ದೆ." ಅವನು ಹೆಣದ ಕಡೆ ಕೈ ತೋರಿಸಿದ. "ಆದ್ರ ಇಂವ ತೇಲಲೇ ಇಲ್ರಿ."

"ಜಾಕೀಟು?"

"ಈ ಕೈಲೆ ಬಕ್ಕಲ್ ಹಾಕೀನ್ರಿ. ಖುದಾ ಕಸಮ್!"

"ಹಂಗಾದ್ರ ಎಲ್ಲಿ ಅದ?"

"ಗೊತ್ತಿಲ್ರಿ. ಮೂರು ಸಲ ಮುಳುಗಿ ಎತ್ತಿಕೊಂಡು ಬಂದೆ. ದಂಡಿಗಿ ಬಂದು ಬಿದ್ದೆ. ಕಣ್ಣಿಗಿ ಕತ್ತಲಿ ಬಂತು. ಎದ್ದು ನೋಡಿದ್ರ ಅವನ ಮೈಮ್ಯಾಲೆ ಜಾಕೀಟಿಲ್ಲ."

ದೋಣಿಯಲ್ಲಿದ್ದ ಇನ್ನೊಬ್ಬ ನರಸಪ್ಪ. ಹಣಮಂತರಾಯರ ಇನ್ನೊಂದು ಖಣಿಯಲ್ಲಿ ಮೇಸ್ತ್ರಿ.

"ದೋಣಿಯಾಗ ನಿನ್ನ ಕೆಲಸ ಏನು?"

"ಹಿಂದಕ್ಕ ಮುಖ ಮಾಡಿ ಕುಂದ್ರದ್ರಿ. ಆಡಾಂವ ಬಿದ್ರ ಕೈ ಎತ್ತಿ ಹೇಳದು."

"ಹಿಂದಕ್ಕ ಮುಖ ಮಾಡಿ ಕುಂತಾಂವಗ ಜಾಕೀಟು ಕಾಣ್ಲಿಲ್ಲ?"

ನರಸಪ್ಪ ಹಣಮಂತರಾಯರ ಕಡೆ ನೋಡಿದ. ಆಮೇಲೆ ನೆಲ ನೋಡಿದ.

"ಬಿಸಿಲು ಕಣ್ಣಿಗಿ ಹೊಡಿತಿತ್ರಿ."

"ಹುಡುಗನ್ನ ದಂಡಿಗಿ ತಂದ ಮ್ಯಾಲೆ?"

"ಗಾಡಿ ತಾ ಅಂತ ರಾಯರು ನನ್ನ ಊರಿಗಿ ಓಡಿಸಿದ್ರು."

ಫೌಜದಾರರು ಹೆಣದ ಪಕ್ಕ ಕುಕ್ಕುರುಗಾಲಲ್ಲಿ ಕುಳಿತು ಬೆರಳು ಮಾಡಿದರು. "ರೇವಣಸಿದ್ದಯ್ಯ, ಬರಕೋ. ಬನೀನಿನ ಮ್ಯಾಲೆ ಎದಿಗೊಂದು, ನಡಕ್ಕೊಂದು ಕಂದು ಕಲೆ."

"ಮಣ್ಣಿಂದಿರಬೇಕ್ರಿ."

"ನಿನ್ನ ಕೇಳಿಲ್ಲ. ಬರಕೋ."

ಬರೆದೆ. ಮನಸ್ಸಿನಲ್ಲಿ ಬೈದುಕೊಂಡೆ.

ಅಷ್ಟರಲ್ಲಿ ವಾಡಿಯಿಂದ ಪೇದೆ ಸೈಕಲ್ ತುಳಿದುಕೊಂಡು ಬಂದ. ಮೇಲಿನವರ ಫೋನಂತೆ: ಸಂಜೆಯೊಳಗೆ ದೋಣಿಯವನನ್ನು ಅರೆಸ್ಟ್ ಮಾಡಿ ಕಳಿಸಿ. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ! ಆದರೆ ಮುಂಜಾನೆಯಿಂದ ನಾನೂ ಅದೇ ಹಾಡು ಹಾಡುತ್ತಿದ್ದೆನಲ್ಲ.

ಬಾಬುಮಿಯಾ ಕೇಳಿಸಿಕೊಂಡ. "ಜೇಲಿಗಿ ಹಾಕ್ರಿ ಸಾಹೇಬ್ರ. ಆದ್ರ ಕೊಂದಾಂವ ಅನಬ್ಯಾಡ್ರಿ. ನನ್ನ ಮಕ್ಕಳು ಶಹಾಬಾದದಾಗ ಮುಖ ಎತ್ತಿ ತಿರುಗಬೇಕು."

ಹೇಳಿಕೆ ಪಡೆಯಲು ಹಣಮಂತರಾಯರ ಮನೆಗೆ ಹೋದೆವು. ಚಪ್ಪರದ ಗಳಗಳನ್ನು ಆಗಲೇ ತಂದು ಅಂಗಳದಲ್ಲಿ ಒಟ್ಟಿದ್ದರು. ಒಳಗೆ ಅಳುವ ಸದ್ದು. ಮಾತನಾಡಿಸಲು ಬಂದವರಿಗೆ ಕೂರಲು ಮದುವೆಗೆಂದು ಮಾಡಿಸಿದ ಗಾದಿಗಳನ್ನೇ ಹಾಸಿದ್ದರು. ನನ್ನ ಬೆನ್ನಿಗೂ ಕೆಂಪು ಗಲೀಫಿನ ಹೊಸ ದಿಂಬು ಬಂತು. ಸುಳ್ಳೇಕೆ ಹೇಳಲಿ, ಸಾವಿನ ಮನೆ ಎಂಬುದನ್ನೂ ಮರೆತು ಎರಡು ನಿಮಿಷ ಕಣ್ಣು ಮುಚ್ಚಿದೆ. ಅಷ್ಟು ಹಗುರ, ಅಷ್ಟು ಮೆತ್ತಗೆ. ಫೌಜದಾರರು ಕೂರಲೇ ಇಲ್ಲ.

ಹೊರಡುವಾಗ ಬಾಗಿಲಲ್ಲಿ ಒಬ್ಬ ಹುಡುಗಿ ಅಡ್ಡ ನಿಂತಳು. ಗುರುದೇವಿ, ಮದುಮಗಳಾಗಬೇಕಿದ್ದವಳು. ಕಣ್ಣಲ್ಲಿ ನೀರಿರಲಿಲ್ಲ.

"ಅವ್ರು ಜಾಕೀಟು ಹಾಕ್ಕೊಂಡಿದ್ರೋ ಇಲ್ಲೋ, ಅದೊಂದು ಹೇಳ್ರಿ. ಅದಿಲ್ಲದ ನೀರಿಗಿ ಇಳಿಯಂಗಿಲ್ಲ ಅಂತ ನನಗ ಮಾತು ಕೊಟ್ಟಿದ್ರು."

ಹಣಮಂತರಾಯರು "ಒಳಗ ಹೋಗವ್ವ" ಎಂದು ಗದರಿದರು.

"ಸಂಜಿಕ ಹೇಳ್ತೀನವ್ವ," ಎಂದರು ಫೌಜದಾರರು. ಜೀಪಿನಲ್ಲಿ ಕೂತ ಮೇಲೆ ಅವರು ತುಟಿ ಕಚ್ಚಿಕೊಂಡದ್ದು ಕಂಡೆ. ಇಷ್ಟು ದಿನ ಜೊತೆಗಿದ್ದರೂ ಅವರು ಹಾಗೆ ಮಾಡಿದ್ದನ್ನು ನಾನು ಕಂಡಿರಲಿಲ್ಲ.

ಮತ್ತೆ ಖಣಿ. ಮತ್ತೆ ಬಾಬುಮಿಯಾ.

"ಹುಡುಗ ಯಾಕ ಬಿದ್ದ?"

"ಈ ದೋಣಿ ಸ್ಕೀಗಿ ಅಲ್ರಿ ಸಾಹೇಬ್ರ. ಎಂಜಿನ್ ಬಾಲಕ್ಕ ಅದ, ಭಾರ ಎಲ್ಲಾ ಹಿಂದ. ಹಿಂದ ನೀರಿನ ಅಲಿ ಎತ್ತರ ಏಳ್ತದ, ಆಡಾಂವ ಎಡವಿ ಬೀಳ್ತಾನ. ಸ್ಕೀಗಿ ತಳ ಸಪಾಟ ಇರಬೇಕು, ಎಂಜಿನ್ ನಡುವ ಇರಬೇಕು, ಹಗ್ಗ ಕಟ್ಟೋ ಕಂಬಾನೂ ನಡುವೇ ಇರಬೇಕು. ಮುಂಬೈದಾಗ ಅಂಥಾದು ತೋರಿಸಿದ್ದೆ. ಹತ್ತು ಮಂದಿ ಕುಂತು ತಿರುಗೋ ದೋಣಿ ಬೇಕು ಅಂತ ರಾಯರು ಇದನ್ನೇ ತಂದ್ರು. ಅದಕ್ಕೇ ನಾ ಜಾಕೀಟಿಲ್ಲದ ಯಾರನ್ನೂ ಬಿಡತಿದ್ದಿಲ್ಲ."

"ಇವತ್ತು ಎಷ್ಟು ಸಲ ಬಿದ್ದ?"

"ಎರಡು. ಮೊದಲನೇ ಸಲ ಬೆಂಡಿನಂಗ ತೇಲಿದ. ನಗತಿದ್ದ. ಕಾಲು ಗಂಟಿ ಆದ ಮ್ಯಾಲೆ ಮತ್ತ ಬಿದ್ದ. ಹಲಗಿ ತಲಿಗಿ ಬಡಿದು ಎಚ್ಚರ ತಪ್ಪಿತು. ಹತ್ರ ಹೋಗೋದ್ರಾಗ ಇಲ್ಲ!"

"ಜಾಕೀಟು ಎಲ್ಲಿ ಇಡ್ತೀ?"

"ಇಲ್ಲೇ ಗೂಟಕ್ಕ. ಮಳಿಗಾಲದಾಗ ಇಲಿ ಕಡೀತಾವಂತ ರಾಯರು ಮನೀಗಿ ಒಯ್ದಿದ್ರು. ಎಂಜಿನ್ ರಿಪೇರಿಗಿ ಹೈದ್ರಾಬಾದಿಗಿ ಹೋಗಿತ್ತು, ನಿನ್ನೆ ಬಂತು. ಈ ವರ್ಷ ಇವತ್ತೇ ಮೊದಲನೇ ಆಟ." ಅವನು ಗೂಟದ ಕಡೆ ನೋಡಿದ. "ಬಕ್ಕಲ್ ಹಾಕುವಾಗ ತುಸು ಭಾರ ಅನಿಸಿತ್ರಿ. ಥಂಡಿ ಹಿಡದದ ಅಂದ್ಕೊಂಡೆ. ಮ್ಯಾಲಿನ ಹೊಲಿಗಿ ನೋಡಿದೆ, ಒಳಗ ನೋಡ್ಲಿಲ್ಲ. ಅದು ನನ್ನ ತಪ್ಪು."

ಫೌಜದಾರರು ತಟ್ಟನೆ ಗೂಟದ ಮೇಲಿನ ಒಂದು ಜಾಕೀಟು ಕಿತ್ತು ನೀರಿಗೆ ಎಸೆದರು. ಗಡಿಯಾರ ಕೈಗೆ ತೆಗೆದುಕೊಂಡರು.

ಅದು ತೇಲಿತು.

"ತೇಲಾಕತ್ತದಲ್ರಿ!" ಎಂದೆ.

"ಸುಮ್ಮನಿರು."

ಐದು ನಿಮಿಷ. ಆರು. ಪಕ್ಕದ ಖಣಿಯಲ್ಲಿ ಮದ್ದು ಹಾರಿತು. ಕಾಲಡಿಯ ಕಲ್ಲು ನಡುಗಿತು. ಎಂಟು. ಜಾಕೀಟಿನ ಒಂದು ಬದಿ ಕೆಳಗೆ ಜಗ್ಗಿತು. ಹನ್ನೊಂದನೆಯ ನಿಮಿಷಕ್ಕೆ ನೀರಿನ ಮೇಲೆ ಏನೂ ಇರಲಿಲ್ಲ.

ಬಾಬುಮಿಯಾ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. ಪೇದೆ ದೋಣಿಯ ಕೊಕ್ಕೆ ಹಾಕಿ ಅದನ್ನು ಮೇಲೆತ್ತಿದ.

ಫೌಜದಾರರು ಇನ್ನೊಂದನ್ನು ಚಾಕುವಿನಿಂದ ಸೀಳಿದರು. ಒಳಗಿನ ಬಿಳಿಯ ಹತ್ತಿಯನ್ನು ಮುಷ್ಟಿ ತುಂಬ ಕಾಗದದಲ್ಲಿ ಕಟ್ಟಿಕೊಂಡು, "ನಡಿ ವಾಡಿಗಿ," ಎಂದರು.

ವಾಡಿಯ ಸ್ಟೇಷನ್ ರಸ್ತೆಯಲ್ಲಿ ಅಬ್ದುಲ್ ಗನಿಯ ಗಾದಿ ಅಂಗಡಿ. ಮೂರು ತಲೆಮಾರಿನ ಪಿಂಜಾರರು. ಮುದುಕ ಹತ್ತಿಯನ್ನು ಬೆರಳಲ್ಲಿ ಎಳೆದು, ಒಂದು ಕಾಳು ಹೆಕ್ಕಿ ನಕ್ಕ.

"ಇದು ಹೊಲದ ಹತ್ತಿ ರೀ. ನೋಡ್ರಿ, ಕಾಳಿಗಿ ನವಿರು ಅಂಟಿಕೊಂಡದ. ಮನ್ಯಾಗ ಕೈಲೆ ಬಿಡಿಸ್ಯಾರ. ಪಿಂಜಾರ ಮುಟ್ಟಿಲ್ಲ."

"ನೀರಾಗ ತೇಲೋ ಜಾಕೀಟಿಗಿ ಯಾವ ಹತ್ತಿ ತುಂಬ್ತಾರ?"

"ಬೂರಗದ್ದು. ಗಿಡದಾಗ ಆಗ್ತದಲ್ರಿ, ರೇಶ್ಮಿ ಹಾಂಗ. ಅದು ನೀರು ಕುಡಿಯಂಗಿಲ್ಲ. ಹೊಲದ ಹತ್ತಿ ಗಟಗಟ ಕುಡೀತದ."

"ಆ ಬೂರಗದ ಹತ್ತಿ ಬ್ಯಾರೆ ಯಾತಕ್ಕ ಬರ್ತದ?"

"ನೂಲಾಗಂಗಿಲ್ಲ, ಬತ್ತಿ ಆಗಂಗಿಲ್ಲ. ಅದಕ್ಕ ಒಂದೇ ದಾರಿ ಸಾಹೇಬ್ರ." ಗನಿ ತನ್ನ ಬೆನ್ನ ಹಿಂದಿನದನ್ನು ತಟ್ಟಿದ. "ದಿಂಬು."

ನನ್ನ ಬೆನ್ನು ತಣ್ಣಗಾಯಿತು.

ಸಂಜೆ ಐದಕ್ಕೆ ಹಣಮಂತರಾಯರ ಅಂಗಳ. ಬಾಬುಮಿಯಾ ಹೊರಗೆ ಜೀಪಿನಲ್ಲಿ, ಪಕ್ಕದಲ್ಲಿ ಪೇದೆ. ಫೌಜದಾರರು ಒಳಗಿನಿಂದ ಆ ಕೆಂಪು ದಿಂಬು ತರಿಸಿ ಕಲ್ಲಿನ ತೊಟ್ಟಿಯ ನೀರಿಗೆ ಬಿಟ್ಟರು. ಮೇಲೆ ಎರಡು ಇಟ್ಟಿಗೆ ಇಟ್ಟರು. ದಿಂಬು ಅಲ್ಲಾಡುತ್ತ ತೇಲಿತು.

"ಇದೇನು ಹುಚ್ಚಾಟ?" ಎಂದರು ಹಣಮಂತರಾಯರು. ಧ್ವನಿ ಮಾತ್ರ ಬಿದ್ದುಹೋಗಿತ್ತು.

"ಕುಂದ್ರಿ ರಾಯರ. ಹುಡುಗ ಜಾಕೀಟು ಹಾಕಿದ್ದಿಲ್ಲ ಅಂದ್ರಿ. ಅವನ ಬನೀನಿನ ಮ್ಯಾಲೆ ಎರಡು ತುಕ್ಕಿನ ಕಲೆ ಅವ. ಉಳಿದ ಜಾಕೀಟಿನ ಬಕ್ಕಲ್ ತುಕ್ಕು ಹಿಡದಾವ, ಒಂದು ಎದಿಗಿ, ಒಂದು ನಡಕ್ಕ. ಅಂದ್ರ ಹಾಕಿದ್ದ. ಹಾಕಿದ್ದು ಖರೆ ಆದ್ರ ಬಾಬುಮಿಯಾ ಅದನ್ನ ಯಾಕ ಮುಚ್ಚಿಡ್ತಾನ? ಅವನ್ನ ಉಳಿಸೋದು ಅದೊಂದೇ! ಆವಾಗ ಅಂವ ಎಚ್ಚರ ಇಲ್ಲದ ಬಿದ್ದಿದ್ದ. ನರಸಪ್ಪನ್ನ ನೀವು ಗಾಡಿಗಿ ಓಡಿಸಿದ್ರಿ. ದಂಡಿ ಮ್ಯಾಲೆ ಉಳಿದಾವ್ರು ಯಾರು?"

ಹಣಮಂತರಾಯರು ತೊಟ್ಟಿಯಿಂದ ಮುಖ ತಿರುಗಿಸಿದರು.

"ಮಳಿಗಾಲದಾಗ ಜಾಕೀಟು ನಿಮ್ಮ ಮನ್ಯಾಗಿದ್ವು. ಬೂರಗದ ಹತ್ತಿ ಮಗಳ ದಿಂಬಿಗಿ ಹೋಯ್ತು. ಜಾಕೀಟಿಗಿ ಹೊಲದ ಹತ್ತಿ ಬಂತು. ಆ ದಿಂಬಿಗಿ ನಮ್ಮ ರೈಟರ್ ಒರಗಿ ನಿದ್ದಿ ಹೊಡದ. ನಾ ಅದರ ಹಗುರ ಕಂಡೆ, ಆದ್ರ ಗನಿ ಹೇಳೋ ತನಕ ತಿಳೀಲಿಲ್ಲ."

"ಸುಳ್ಳು! ಎಲ್ಲಿ ಅದ ಆ ಜಾಕೀಟು? ತೋರಿಸ್ರಿ!"

ಒಳಗಿನ ಕತ್ತಲೆಯಿಂದ ಗುರುದೇವಿ ಬಂದಳು. ಎರಡೂ ಕೈ ಮುಂದೆ ಚಾಚಿ ಏನನ್ನೋ ಹೊತ್ತು ತಂದಿದ್ದಳು. ಅದರಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

"ಗಾದಿ ಒಟ್ಟಿಲದ ತಳಕ್ಕಿತ್ತು," ಎಂದಳು. "ಒಣಗಿದ ಗಾದಿ ಹಸಿ ಯಾಕ ಆಗ್ಯಾವ ಅಂತ ಮುಂಜಾನಿಂದ ತಿಳೀಲಾರದ ಕುಂತಿದ್ದೆ."

ಹಣಮಂತರಾಯರು ಕಟ್ಟೆಯ ಮೇಲೆ ಕುಸಿದು ಕುಳಿತರು.

"ಅದು ಅಡವಿ ಗಿಡದ ಹತ್ತಿ, ಫೌಜದಾರ್ರ. ಮಗಳ ದಿಂಬು ಮೆತ್ತಗ ಆಗ್ತದಂತ ತಗದೆ. ನಾ ತುಂಬಿದ್ದು ನಮ್ಮ ಹೊಲದ್ದು, ಬಿಳಿದು, ಛಲೋದು. ತುಂಬಿದ್ರ ಸಾಕು, ತೇಲ್ತದ ಅಂದ್ಕೊಂಡೆ. ದಂಡಿ ಮ್ಯಾಲೆ ಬಿಚ್ಚುವಾಗ ಅದು ಕಲ್ಲಿನಂಗ ಭಾರ ಇತ್ತು. ಆವಾಗ ತಿಳೀತು. ನನ್ನ ಅಳಿಯನ್ನ ನಾನೇ..."

"ತಿಳೀದ ಮಾಡಿದ್ದು ನಿಮ್ಮ ಕರ್ಮ," ಎಂದರು ಫೌಜದಾರರು. ಅಂದು ಮೊದಲ ಸಲ ಅವರು ಒಂದೇ ಕಡೆ ನಿಂತಿದ್ದರು. "ತಿಳಿದ ಮ್ಯಾಲೆ ಇನ್ನೊಬ್ಬನ ಕೊರಳಿಗಿ ಕಟ್ಟಿದ್ರಲ್ಲ, ಅದು ಗುನ್ಹೆ. ಏಳ್ರಿ."

ಗುರುದೇವಿ ಜಾಕೀಟಿನ ಬಕ್ಕಲನ್ನು ಬೆರಳಿನಿಂದ ಸವರುತ್ತಿದ್ದಳು.

"ಹಾಕ್ಕೊಂಡಿದ್ರು," ಎಂದಳು. "ಮಾತು ತಪ್ಪಿಲ್ಲ." ಆಗ ಅಳು ಒಡೆಯಿತು. ನಾನೂ ಅತ್ತೆ. ನಾಚಿಕೆಯೇನು ಅದರಲ್ಲಿ?

ಜೀಪಿನ ಹತ್ತಿರ ಪೇದೆ ಬಾಬುಮಿಯಾನನ್ನು ಕೆಳಗಿಳಿಸಿದ. ಹಣಮಂತರಾಯರು ಹತ್ತಿದರು. ಇಬ್ಬರೂ ಮುಖ ನೋಡಿಕೊಳ್ಳಲಿಲ್ಲ. ಅಷ್ಟರಲ್ಲಿ ಗುರುದೇವಿ ಜೋಡಿಯ ಇನ್ನೊಂದು ದಿಂಬನ್ನು ಅವುಚಿಕೊಂಡು ಬಂದು ಬಾಬುಮಿಯಾನ ಕೈಗೆ ಇಟ್ಟಳು.

"ಕಾಕಾ, ಇದು ನಿಮ್ಮ ಜಾಕೀಟಿಂದು. ತಿರುಗಿ ತುಂಬ್ರಿ. ಇನ್ನೊಬ್ರು ಮುಳುಗಬಾರದು."

ಬಾಬುಮಿಯಾ ಅದನ್ನು ಎದೆಗೆ ಒತ್ತಿಕೊಂಡು ನಿಂತ. ನಾನು ಫೌಜದಾರರ ಕಡೆ ನೋಡಿದೆ. ಕಾಯ್ದೆಯ ಪ್ರಕಾರ ಎರಡೂ ದಿಂಬು ಜಪ್ತಿಯಾಗಬೇಕು. ಅವರು ಅಂಗಳದ ತೊಟ್ಟಿಯ ಕಡೆ ನೋಡುತ್ತಿದ್ದರು.

ಪಂಚನಾಮೆ ಬಿಚ್ಚಿ ಕೊನೆಯ ಸಾಲು ಬರೆದೆ: ಜಾಕೀಟು ನಾಲ್ಕು, ದಿಂಬು ಒಂದು.