ಕವರ್ ತೆಗೆದ್ಯಾ?

“ಅರೆ ಯಾರ್, ತೂ ಫಿರ್ ಅಟಕ್ ಗಯೀ!” ಹೆಡ್‌ಫೋನಿನಲ್ಲಿ ನಿಶ್ಮಿತಾ ಕಿರುಚಿದಳು.

ಸಿಕ್ಕಿಕೊಂಡದ್ದು ನಿಜ. ಆಟದ ಪರದೆಯ ಮೇಲೆ ಅನುಷ್ಕಾಳ ಕೆಂಪು ಕಾರು ಕುಂಟುತ್ತ, ನಿಲ್ಲುತ್ತ, ಮತ್ತೆ ಕುಂಟುತ್ತ ಹೋಗುತ್ತಿತ್ತು. ಹೊಚ್ಚ ಹೊಸ ಕಂಪ್ಯೂಟರ್! ಅವಳೂ ಪಪ್ಪನೂ ಒಂದೊಂದೇ ಪಾರ್ಟ್ ತಂದು, ಡೊಂಬಿವಲಿಯ ಮನೆಯ ಊಟದ ಮೇಜಿನ ಮೇಲೆ ತಾವೇ ಜೋಡಿಸಿದ್ದು. ಮೊದಲ ಐದು ನಿಮಿಷ ಕಾರು ಜೋರಾಗಿ ಓಡುತ್ತದೆ. ಆಮೇಲೆ ಈ ಗತಿ.

“ಸಂಜೆ ಆರಕ್ಕೆ ಲಾಸ್ಟ್ ಚಾನ್ಸ್. ಆಗದಿದ್ರೆ ನಾನು ಇಲ್ಲಿಯ ಹುಡುಗಿಯರ ಟೀಮಿಗೆ ಸೇರ್ತೀನಿ,” ಎಂದಳು ನಿಶ್ಮಿತಾ.

ಅನುಷ್ಕಾ ಹೆಡ್‌ಫೋನ್ ಕೆಳಗಿಟ್ಟಳು. ನಿಶ್ಮಿತಾಳ ಮನೆಯವರು ದೂರದ ಸೀವುಡ್ಸಿಗೆ ಮನೆ ಬದಲಿಸಿ ಮೂರು ತಿಂಗಳಾಗಿತ್ತು. ಅದಕ್ಕೂ ಮೊದಲು ಇಬ್ಬರೂ ಇದೇ ಬಿಲ್ಡಿಂಗಿನ ಮೆಟ್ಟಿಲ ಮೇಲೆ ಕೂತು ಪಪ್ಪನ ಹಳೇ ಮೊಬೈಲಿನಲ್ಲಿ ಆಡುತ್ತಿದ್ದರು. ಒಂದೇ ಫೋನು, ಒಂದೇ ಕಾರು. ಎಡಗಡೆ ನಿಶ್ಮಿತಾಳ ಹೆಬ್ಬೆರಳು, ಬಲಗಡೆ ಅನುಷ್ಕಾಳದ್ದು. ಕಾರು ಗುದ್ದಿದರೆ ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. ಆ ಮೆಟ್ಟಿಲು ಈಗಲೂ ಇದೆ. ಅನುಷ್ಕಾ ಅಲ್ಲಿ ಕೂರುವುದಿಲ್ಲ, ಅಷ್ಟೆ.

ಪಪ್ಪ ಬೆಳಗ್ಗಿನಿಂದ ಎಲ್ಲ ಮಾಡಿ ನೋಡಿದ್ದರು. ಸೆಟ್ಟಿಂಗ್ ಇಳಿಸಿದರು, ಕೇಬಲ್ ಬದಲಿಸಿದರು, ಇಂಟರ್ನೆಟ್ಟಿಗೂ ಬೈದರು. ಕೊನೆಗೆ ಚಪ್ಪಲಿ ಮೆಟ್ಟಿದರು.

“ಆ ಕಲ್ಯಾಣಿನ ಅಂಗಡಿಯ ದಿಲೀಪ ನಮಗೆ ಡುಪ್ಲಿಕೇಟ್ ಮಾಲು ಕೊಟ್ಟಿದ್ದಾನೆ. ಇವತ್ತು ಅವನನ್ನು ಬಿಡುವುದಿಲ್ಲ!” ಎಂದು ದಡದಡನೆ ಹೊರಟೇಬಿಟ್ಟರು.

ಅಜ್ಜಿ ಪರದೆಯ ಹತ್ತಿರ ಬಗ್ಗಿದರು. “ಮೂಲೆಯಲ್ಲಿ ಕೆಂಪಗೆ ಎಂತದು ಆ ನಂಬರ್?”

“ಒಳಗಿನ ಬಿಸಿ ಅಜ್ಜೀ. ತೊಂಬತ್ತೆಂಟು.”

“ತೊಂಬತ್ತೆಂಟಾ! ಇನ್ನೆರಡು ಆದ್ರೆ ನೀರು ಕುದೀತದಲ್ಲ ಮಾರಾಯ್ತಿ!” ಅಜ್ಜಿಗೆ ನಗು ಬಂತು. “ನಿನ್ನ ಅಜ್ಜನ ಮಿಕ್ಸಿಯ ಕತೆಯೇ ಆಯ್ತು. ನಮ್ಮ ಶಹಾಡಿನ ಹೋಟೆಲಿಗೆ ಹೊಸ ಮಿಕ್ಸಿ ತಂದ್ರಾ, ಹಾಳಾಗಬಾರದೂಂತ ಅಡಿಯ ಪ್ಲಾಸ್ಟಿಕ್ ತೆಗೆಯಲೇ ಇಲ್ಲ. ತೆಂಗಿನಕಾಯಿ ಹಾಕಿ ಐದು ನಿಮಿಷ ಆಗಲಿಲ್ಲ, ಬಿಸಿಯಾಗಿ ನಿಂತೇ ಹೋಯ್ತು. ಅಂಗಡಿಯವನ ಹತ್ರ ಜಗಳ ಮಾಡಿ ಬಂದ್ರು. ಆಮೇಲೆ ಪ್ಲಾಸ್ಟಿಕ್ ಕಂಡಿತು ನೋಡು, ಒಂದು ತಿಂಗಳು ಆ ಬೀದಿಗೇ ಹೋಗಲಿಲ್ಲ!”

ಅಜ್ಜ ಹಾಗೇ. ಹೊಸ ವಸ್ತುವಿನ ಕವರ್ ಮುಟ್ಟಲು ಬಿಡುತ್ತಿರಲಿಲ್ಲ. ಟಿವಿ ರಿಮೋಟಿಗೆ ಅವರು ಸುತ್ತಿದ ಪ್ಲಾಸ್ಟಿಕ್ಕು, ಹಾಕಿದ ಎರಡು ರಬ್ಬರ್ ಬ್ಯಾಂಡು, ಅವರು ತೀರಿಕೊಂಡು ಎರಡು ವರ್ಷವಾದರೂ ಹಾಗೇ ಇದ್ದವು.

ಅನುಷ್ಕಾ ಮಾತ್ರ ನಗಲಿಲ್ಲ. ಪ್ರೊಸೆಸರನ್ನು ತಂಪಾಗಿಡುವ ಫ್ಯಾನನ್ನು ಪೆಟ್ಟಿಗೆಯಿಂದ ತೆಗೆದುಕೊಟ್ಟವಳು ಅವಳೇ. ಬಿಸಿ ಎಳೆದುಕೊಳ್ಳುವ ಅದರ ಅಡಿಯ ಲೋಹಕ್ಕೆ ಗಾಜಿನಂಥ ತೆಳ್ಳನೆ ಹಾಳೆ ಅಂಟಿತ್ತು. “ಕವರ್ ತೆಗೆದ್ಯಾ?” ಎಂದು ಪಪ್ಪ ಕೇಳಿದ್ದರು. ಹೊಸದು, ಗೀರು ಬಿದ್ದೀತು, ಇರಲಿ ಎಂದುಕೊಂಡು ಅವಳು “ಹ್ಞೂಂ” ಎಂದಿದ್ದಳು.

ಅವಳು ಬರಿಗಾಲಲ್ಲೇ ಹೊರಗೆ ಓಡಿದಳು. “ಪಪ್ಪಾ, ನಿಲ್ಲಿ!”

ಪಪ್ಪ ಅದೇ ಮೆಟ್ಟಿಲ ಮೇಲೆ ನಿಂತು ಜೇಬಿನಲ್ಲಿ ಬಿಲ್ಲು ಹುಡುಕುತ್ತಿದ್ದರು. ಅವಳು ಅವರ ತೋಳು ಹಿಡಿದಳು.

“ದಿಲೀಪ್ ಅಂಕಲ್‌ದು ತಪ್ಪಿಲ್ಲ. ಕವರ್ ನಾನು ತೆಗೀಲೇ ಇಲ್ಲ. ಸುಳ್ಳು ಹೇಳಿದೆ.”

ಪಪ್ಪ ಅವಳನ್ನೇ ನೋಡಿದರು. ಸಿಟ್ಟು ಬಂದಿತ್ತು, ಕಾಣುತ್ತಿತ್ತು. ಮನೆಯ ಬಾಗಿಲಿಗೆ ಬಂದಿದ್ದ ಅಜ್ಜಿ ಮೇಲಿನಿಂದ, “ಥೇಟ್ ಅಜ್ಜನೇ!” ಎಂದಾಗ ಮಾತ್ರ ಅವರಿಗೆ ನಗು ತಡೆಯಲಾಗಲಿಲ್ಲ.

ಫ್ಯಾನ್ ಬಿಚ್ಚಿದರು. ಹಾಳೆ ಅಲ್ಲೇ ಇತ್ತು. ಅದನ್ನು ಕಿತ್ತು, ಒರೆಸಿ, ಬಿಸಿ ದಾಟಿಸುವ ಪೇಸ್ಟ್ ಉಳಿದಿದ್ದನ್ನು ಹಚ್ಚಿ ಮತ್ತೆ ಕೂರಿಸುವಷ್ಟರಲ್ಲಿ ಆರು ಗಂಟೆ.

ಐದು ನಿಮಿಷ ಕಳೆಯಿತು, ಹತ್ತು ಕಳೆಯಿತು. ನಂಬರ್ ಅರವತ್ತು ದಾಟಲಿಲ್ಲ. ಕೆಂಪು ಕಾರು ನಿಶ್ಮಿತಾಳ ಕಾರಿನ ಪಕ್ಕಕ್ಕೇ ಬಂತು.

“ಲೆಫ್ಟ್, ಅನು, ಲೆಫ್ಟ್!”

ಅನುಷ್ಕಾ ರೈಟ್ ಒತ್ತಿದಳು. ಹಳೇ ಮೊಬೈಲಿನ ಅಭ್ಯಾಸ! ಎರಡೂ ಕಾರು ಗುದ್ದಿ ಉರುಳಿದವು. ಡೊಂಬಿವಲಿಯಲ್ಲೂ ಸೀವುಡ್ಸಿನಲ್ಲೂ ಒಟ್ಟಿಗೇ ನಗು ಎದ್ದಿತು.

“ನಾಳೆ ಮತ್ತೆ ಆರಕ್ಕೆ, ಓಕೆ?” ಎಂದಳು ನಿಶ್ಮಿತಾ.

ಪಪ್ಪ ಸೋಫಾದಲ್ಲಿ ಕೂತು ಟಿವಿ ರಿಮೋಟ್ ಕೈಗೆತ್ತಿಕೊಂಡರು. ಮಾಸಿದ ಪ್ಲಾಸ್ಟಿಕ್ಕಿನಲ್ಲಿ ಒಂದು ನಂಬರೂ ಕಾಣುತ್ತಿರಲಿಲ್ಲ. “ಇವತ್ತು ಇದರದ್ದೂ ತೆಗೆದುಬಿಡುವ,” ಎಂದು ರಬ್ಬರ್ ಬ್ಯಾಂಡಿಗೆ ಬೆರಳು ಹಾಕಿದರು.

ಅಡುಗೆಮನೆಯಲ್ಲಿ ಅಜ್ಜಿಯ ಪಾತ್ರೆಯ ಸದ್ದು ನಿಂತಿತು.

ಅನುಷ್ಕಾ ಎದ್ದು ಬಂದು ರಿಮೋಟನ್ನು ಮೆಲ್ಲಗೆ ತೆಗೆದುಕೊಂಡಳು. ಜಾರಿದ್ದ ರಬ್ಬರ್ ಬ್ಯಾಂಡನ್ನು ಅದರ ಜಾಗಕ್ಕೆ ಎಳೆದಳು.

“ಇದು ಇರಲಿ ಪಪ್ಪಾ,” ಎಂದಳು. “ಇದು ಬಿಸಿ ಆಗುವುದಿಲ್ಲ.”